ನೆಗಡಿಯ ಕೈಯಲ್ಲಿ ಕೂಸುಗಳನ್ನೆತ್ತಿದ ಆರೋಗ್ಯಾಧಿಕಾರಿಗಳಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಾವು ನೆಗಡಿ ಹೊತ್ತುಕೊಂಡೇ ನನ್ನ ಸೊಸೆ ದುಡಿಯುವ ಹೊಲಿಗೆ ಕಾರ್ಖಾನೆಯ ಶಿಶುಪಾಲನಾ ಕೊಠಡಿಯನ್ನು ಪರಿಶೀಲಿಸಲು ಬಂದಿರಿ. ಇದೇ ನನ್ನ ದೂರು. ಛಾಯಾಚಿತ್ರಕ್ಕಾಗಿ ಒಂದೊಂದೇ ಕೂಸನ್ನೆತ್ತಿ, ಕೆನ್ನೆ ಹಿಂಡಿ, ನಡುನಡುವೆ ಮೂಗೊರೆಸಿಕೊಂಡು, ಅದೇ ಕೈಯನ್ನು ಮುಂದಿನ ಕೂಸಿಗೆ ಚಾಚಿದಿರಿ. ಆ ಸಾಲಿನಲ್ಲಿ ಎರಡು ತಿಂಗಳ ನನ್ನ ಮೊಮ್ಮಗಳೂ ಇದ್ದಳು. ಹೊರಡುವ ಮುನ್ನ, ಶೀತಗಾಳಿ ಒಳನುಗ್ಗದಂತೆ ಕಿಟಕಿಗಳಿಗೆ ಮೊಳೆ ಹೊಡೆಸುವ ಆಜ್ಞೆಯನ್ನೂ ದಯಪಾಲಿಸಿದಿರಿ. ಗಾಳಿಯನ್ನು ಅಪರಾಧಿಯೆಂದು ಹೊರಗಟ್ಟಿ ಸೀನನ್ನು ಒಳಗೆ ಕೂಡಿಹಾಕುವ ಈ ನ್ಯಾಯವನ್ನು ಯಾವ ಶಾಸ್ತ್ರದಲ್ಲಿ ಓದಿದಿರಿ?

ವಾರ ತುಂಬುವುದರೊಳಗೆ ಮಗುವಿಗೆ ಮೂಗು ಕಟ್ಟಿತು, ಬಳಿಕ ಕೆಮ್ಮು. ಆಮೇಲೆ ಎರಡು ಗುಟುಕಿಗೇ ಮೊಲೆ ಬಿಟ್ಟು ಏದುಸಿರು ಬಿಡತೊಡಗಿತು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಸೊಸೆ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಓಡಿದಳು. ಅಲ್ಲಿ ಆಮ್ಲಜನಕದ ಮಾಸ್ಕು ಅಂಗೈಯಗಲದ ಆ ಮುಖವನ್ನು ಮುಚ್ಚಿದಾಗ, ಜೀವಮಾನವಿಡೀ ಸ್ತೋತ್ರ ಹೇಳಿದ ನನ್ನ ನಾಲಿಗೆಗೆ ಭಗವಂತನ ಒಂದು ನಾಮವೂ ಒದಗಲಿಲ್ಲ.

ತಣ್ಣನೆಯ ಗಾಳಿಯೇ ಕಾರಣವೇ ಎಂದು ಮಕ್ಕಳ ವೈದ್ಯೆಯನ್ನು ಕೇಳಿದೆ. "ಗಾಳಿ ಅಲ್ಲ ಅಜ್ಜ, ವೈರಸ್ಸು. ಬ್ರಾಂಕಿಯೋಲೈಟಿಸ್ ಅಂತಾರೆ. ನಿಮಗಾದ್ರೆ ಬರೀ ನೆಗಡಿ, ಇಷ್ಟು ಸಣ್ಣ ಕೂಸಿಗೆ ಉಸಿರಿನ ಕೊಳವೆಗಳೇ ಕಟ್ಕೊಳ್ತವೆ" ಎಂದರು. ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ನೆಗಡಿಯಿದ್ದವರು ದೂರವಿರಿ, ಬೀಡಿ ಸಿಗರೇಟಿನ ಹೊಗೆ ಸುಳಿಯದಿರಲಿ, ಎದೆಹಾಲು ತಪ್ಪಿಸಬೇಡಿ ಎಂದರು. ಇಷ್ಟನ್ನು ತಮಗೆ ಯಾರೂ ಹೇಳಿರಲಿಲ್ಲವೇ?

ಸೋಂಕು ತಮ್ಮಿಂದಲೇ ಬಂತೆಂದು ಆಣೆಯಿಟ್ಟು ಹೇಳಲಾರೆ. ಕೊಠಡಿಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಆಯಾಗೂ ನೆಗಡಿಯಿತ್ತು. ಪಾಪ, ಆಕೆ ರಜೆ ಕೇಳಿದಾಗ ಕಾರ್ಖಾನೆಯ ಮೇಲ್ವಿಚಾರಕರು, "ಸಾಹೇಬ್ರೇ ನೆಗಡೀಲಿ ಬಂದು ಎತ್ಕೊಂಡಿಲ್ವೇನಮ್ಮಾ, ನಿಂದೇನು ದೊಡ್ಡ ಮೂಗಾ?" ಎಂದರಂತೆ. ನೋಡಿದಿರಾ, ತಮ್ಮ ಮೂಗು ಎಂಥ ಪೂರ್ವನಿದರ್ಶನವಾಯಿತು!

ದೈವಕೃಪೆಯಿಂದ ಮಗು ಮನೆಗೆ ಬಂದಿದೆ. ಆದರೆ ಸೋಮವಾರ ಕೆಲಸಕ್ಕೆ ಹೋಗದಿದ್ದರೆ ಸೊಸೆಯ ಜಾಗ ಬೇರೆಯವರದು. ಹೋದರೆ, ಹಾಲು ಕುಡಿಯುವ ಮಗುವೂ ಅದೇ ಮೊಳೆ ಹೊಡೆದ ಕೋಣೆಗೆ. ಆದ್ದರಿಂದ ಅಷ್ಟರೊಳಗೆ ಮೊಳೆ ಕೀಳಿಸಿ, ಬಾಗಿಲಲ್ಲೇ ನಲ್ಲಿ ಹಾಕಿಸಿ. ನೆಗಡಿಯಾದ ಆಯಾಗೆ ಸಂಬಳ ಕಡಿಯದೆ ರಜೆ ಕೊಡಿಸಿ. ಈ ವೈರಸ್ಸು ಕಾಡದಂತೆ ಗರ್ಭಿಣಿಯರಿಗೋ ಕೂಸಿಗೋ ಕೊಡುವ ತಡೆಮದ್ದೊಂದು ಈಗ ಇದೆಯಂತೆ; ಅದು ನಮ್ಮಂಥವರ ಕೈಗೆ ಯಾವಾಗ ಎಟುಕುವುದೆಂದೂ ತಿಳಿಸಿ. ಕೈಕಾಲು ತೊಳೆಯದೆ ದೇವರ ಮುಂದೆ ನಿಲ್ಲದವನು ನಾನು. ತೊಟ್ಟಿಲ ಮುಂದೆ ನಿಲ್ಲಲು ಅಷ್ಟಾದರೂ ಶುಚಿ ಬೇಡವೇ?

ಅಲ್ಲಿಯವರೆಗೆ ಬಕೆಟ್ಟು, ಸಾಬೂನು ಇಟ್ಟುಕೊಂಡು ಆ ಬಾಗಿಲಲ್ಲಿ ನಾನೇ ಕೂರುತ್ತೇನೆ. ತಾವು ಬಂದರೆ ನಮಸ್ಕರಿಸಿ ಕೈಗೆ ನೀರು ಹಾಕುವೆ. ನೆಗಡಿಯಿದ್ದರೆ ಮಾತ್ರ ಛಾಯಾಗ್ರಾಹಕರ ಸಮೇತ ಹೊಸ್ತಿಲಿಂದಲೇ ಬೀಳ್ಕೊಡುವೆ.

ಇಂತಿ,
ತಮ್ಮ ಛಾಯಾಚಿತ್ರದಲ್ಲಿ ಅಳುತ್ತಿರುವ ಕೂಸಿನ ಅಜ್ಜ