ವೈವಾಕ್ಕೆ ಮುಂಚಿನ ಬಾಡೂಟ

ಕಿರುಗಾವಲು
9-2-2025, ಭಾನುವಾರ

ಮಗಳು ರಂಜಿತಳಿಗೆ ನಿನ್ನ ಸೋದರಮಾವ ತಿಮ್ಮಯ್ಯನ ಆಶೀರ್ವಾದಗಳು.

ಮಂಡ್ಯ ಜಿಲ್ಲೆಯಲ್ಲಿ ಲ್ಯಾಟಿನ್ ಭಾಷೆ ಬಲ್ಲ ರೈತ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ, ನಿಜ. ನನಗೆ ಕಲಿಸಲು ಮೇಷ್ಟ್ರ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಇಂಥವನು ಒಂದು ಕಾಗದ ಬರೆಯಲು ಮೂರು ವಾರ ತೆಗೆದುಕೊಂಡನಲ್ಲ ಎಂದು ಬೈಯಬೇಡ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತದಿರುವುದೂ ನ್ಯಾಯವೇ.

ನಾವು ಕ್ಷೇಮ. ನಿಮ್ಮತ್ತೆ ದೇವಿರಮ್ಮನಿಗೆ ಮಂಡಿನೋವು, ಬಾಯಿ ಮಾತ್ರ ಚೆನ್ನಾಗಿದೆ. ಕಬ್ಬು ಕಡಿಯುವವರು ಇನ್ನೂ ಬಂದಿಲ್ಲ.

ದೀಪಾವಳಿಗೆ ಬಂದಾಗ ಜಗಲಿ ಮೇಲೆ ಕೂತು ನಿನ್ನ ಪಿಎಚ್‌ಡಿಯ ಯೋಹಾನ್ ಮೇಷ್ಟ್ರ ಕಥೆ ಹೇಳಿ, ನಾಲ್ಕು ಲ್ಯಾಟಿನ್ ಪದ ಕಲಿಸಿದೆಯಲ್ಲ, ಎಲ್ಲ ಅಲ್ಲಿಂದ ಶುರುವಾಯಿತು. ಆರುನೂರು ವರ್ಷದ ಹಿಂದೆ ಯುರೋಪಿನ ಯಾವುದೋ ವಿಶ್ವವಿದ್ಯಾಲಯದಲ್ಲಿ ದೇವರ ಶಾಸ್ತ್ರ ಓದಿದ ಗಿರಣಿಯವನ ಮಗ. ಹದಿನಾಲ್ಕು ವರ್ಷ ಓದಿ, ವಾದದಲ್ಲಿ ಎಲ್ಲರನ್ನೂ ಗೆದ್ದರೂ ಡಾಕ್ಟರು ಅನ್ನಿಸಿಕೊಳ್ಳಲಾಗಲಿಲ್ಲ. ಪದವಿ ಕೊಡುವ ಮೇಷ್ಟ್ರುಗಳಿಗೆಲ್ಲ ಊಟ ಹಾಕಿ, ಉಡುಗೊರೆಯಾಗಿ ಕೈಗವಸು ಕೊಡಬೇಕಿತ್ತು; ಅವನ ಕೈಲಿ ಕಾಸಿರಲಿಲ್ಲ. ಆರು ವರ್ಷ ಕಾದ ಮೇಲೆ ಡಾಕ್ಟರಾದನಂತೆ. ನೀನು ನಗುತ್ತಾ ಹೇಳಿದೆ, ನಾನು ಅಲ್ಲೇ ಊಟದ ಖರ್ಚಿನ ಲೆಕ್ಕ ಹಾಕತೊಡಗಿದೆ. ತಾಯಿಯಿಲ್ಲದ ನಮ್ಮ ಹುಡುಗಿಗೂ ಹೀಗಾದರೆ?

ನಿನ್ನ ವೈವಾಕ್ಕೆ ಇನ್ನು ಹತ್ತು ದಿನವಿದೆ ಅನ್ನುವಾಗ, ನಿನಗೆ ತಿಳಿಸದೆ ನಿಮ್ಮ ಗೈಡ್ ಮೇಡಂಗೆ ಫೋನು ಮಾಡಿದೆ. ಮುತ್ತತ್ತಿಯ ಹೊಳೆ ದಡದಲ್ಲಿ ಬಾಡೂಟ, ಪರೀಕ್ಷೆ ಮಾಡುವವರನ್ನೂ ಕರೆತನ್ನಿ ಎಂದೆ. "ದಯವಿಟ್ಟು ಬೇಡ ಯಜಮಾನ್ರೇ, ಹುಡುಗಿಗೇ ತೊಂದರೆಯಾಗುತ್ತೆ" ಎಂದರು. ಬೀಗರೂಟಕ್ಕೆ ಕರೆದರೆ ನಮ್ಮ ಕಡೆ ಯಾರು ತಾನೇ ಮೊದಲ ಸಲಕ್ಕೇ ಹೂಂ ಅಂತಾರೆ? ಬೇಡ ಬೇಡ ಎಂದವರೇ ಮೊದಲ ಪಂಕ್ತಿಯಲ್ಲಿ ಕೂತಿರುತ್ತಾರೆ. ಮೇಡಂ ಕೂಡ ಮರ್ಯಾದೆಗೆ ಹೇಳಿದರು ಎಂದುಕೊಂಡೆ. ಎರಡು ಟಗರು, ಶಾಮಿಯಾನ, ಅಡುಗೆಯವರು, ಕೈಗವಸಿನ ಬದಲು ಶಾಲು, ಎಲ್ಲ ಹೊಳೆ ದಡಕ್ಕೆ ಸಾಗಿಸಿದೆ.

ಒಬ್ಬರೂ ಬರಲಿಲ್ಲ ಕಣವ್ವ. ಮೂರು ಗಂಟೆಯವರೆಗೆ ರಸ್ತೆ ನೋಡಿ, ಕೊನೆಗೆ ಹೊಳೆಗೆ ಈಜಲು ಬಂದವರನ್ನು ಕೂಗಿ ಬಡಿಸಿದೆ. "ಯೋಹಾನಪ್ಪನ ತಿಥಿ ಆದಂಗಾಯ್ತು, ಏಳಿ ಮನೆಗೋಗಮ" ಎಂದಳು ನಿಮ್ಮತ್ತೆ.

ಮಾರನೆಯ ದಿನ ಟೀ ಅಂಗಡಿ ನಾಗಯ್ಯ, "ಏನ್ ತಿಮ್ಮಣ್ಣ, ಮೈಸೂರ್ನೋರು ಉಂಡ್ರಾ?" ಎಂದ. ನನ್ನ ನಾಲಿಗೆ ನಿನಗೆ ಗೊತ್ತಲ್ಲ.

"ಉಣ್ದೆ ಏನ್ಲಾ? ಬೆರಳು ಚೀಪವ್ರೆ! ನಮ್ ಬಾಡು ತಿಂದೋರು ನಮ್ ಉಡ್ಗೀನ ಫೇಲ್ ಮಾಡಾರ? ಒಂದು ಲಕ್ಸ ಸುರ್ದಿವ್ನಿ ಕಣ್ಲಾ!"

ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಅದು ಅವರಿವರ ಕೈದಾಟಿ ನಿಮ್ಮ ವಿಭಾಗ ತಲುಪಿತು. ನಿನ್ನ ವೈವಾ ನಿಂತಿತು, ಬೇಡವೆಂದಿದ್ದ ಮೇಡಂ ಮೇಲೂ ವಿಚಾರಣೆ ಬಂತು. ಐದು ವರ್ಷದ ನಿನ್ನ ಓದು ನನ್ನ ಒಂದು ಟೀ ಆರುವಷ್ಟರಲ್ಲಿ ಹಾಳಾಯಿತು.

ಯೋಹಾನ್ ಮೇಷ್ಟ್ರ ಕೊನೆಯನ್ನೂ ನೀನೇ ಹೇಳಿದ್ದೆ. ಡಾಕ್ಟರಾದ ಮೇಲೆ ಅವನಾಡಿದ ಯಾವುದೋ ಮಾತು ಹಿರಿಯರಿಗೆ ಹಿಡಿಸದೆ, ಶಿಷ್ಯರ ಮುಂದೆ ನಿಂತು ತನ್ನದು ತಪ್ಪೆಂದು ತಾನೇ ಓದಿ ಹೇಳಬೇಕಾಯಿತಂತೆ. ಅವನ ಮಾತಾದರೂ ನಿಜವಿತ್ತೇನೋ. ನನ್ನದು ಬರೀ ಬಡಾಯಿ. ಸೋಮವಾರ ಮೈಸೂರಿಗೆ ಹೋಗಿ ವಿಚಾರಣೆಯವರಿಗೆ ಬರೆದುಕೊಟ್ಟೆ: ವಿಶ್ವವಿದ್ಯಾಲಯದವರು ಯಾರೂ ಬರಲಿಲ್ಲ, ಯಾರೂ ತಿನ್ನಲಿಲ್ಲ, ಹುಡುಗಿಗೆ ಗೊತ್ತೇ ಇರಲಿಲ್ಲ. ಅಡುಗೆಯವನೂ ಸಹಿ ಹಾಕಿದ. ಅಷ್ಟು ಸಾಲದೆಂದು ಇವತ್ತು ಬೆಳಿಗ್ಗೆ ಅದೇ ಅಂಗಡಿಯ ಮುಂದೆ ನಿಂತು, ನಾಗಯ್ಯನ ಕೈಲಿ ಮೊಬೈಲು ಹಿಡಿಸಿ, ಆ ಕಾಗದ ಓದಿದೆ.

"ತಿಮ್ಮಣ್ಣ, ಜೋರಾಗೋದು, ಬಡಾಯಿ ಕೊಚ್ಚುವಾಗ ಊರ್ಗೆಲ್ಲ ಕೇಳ್ಸಿತ್ತು" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲ ನಕ್ಕರು. ಜೋರಾಗಿಯೇ ಓದಿದೆ. ಅದನ್ನೂ ನಿಮ್ಮ ವಿಭಾಗಕ್ಕೆ ಕಳಿಸಿದ್ದೇನೆ.

ಹೊತ್ತು ಹೊತ್ತಿಗೆ ಉಣ್ಣು. ಮುತ್ತತ್ತಿರಾಯ ನನ್ನ ಬಾಯಿ ನೋಡದೆ ನಿನ್ನ ಓದು ನೋಡಿ ಕಾಯಲಿ.

ಇತಿ ನಿನ್ನ ಮಾವ,
ತಿಮ್ಮಯ್ಯ

ಮತ್ತೊಂದು ಮಾತು: ಒಂದು ಲಕ್ಷವೆಂದದ್ದೂ ಸುಳ್ಳು. ನಿಮ್ಮವ್ವ ಶಿವನಂಜಮ್ಮ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಡೇರಿಗೆ ಹಾಲು ಹಾಕಿ ಕೂಡಿಟ್ಟದ್ದನ್ನೆಲ್ಲ ನನ್ನ ಕೈಲಿಟ್ಟು, "ಮಗ್ಳು ಡಾಕ್ಟ್ರಾದ್ ದಿನ ಕೊಡಣ್ಣ, ಅವ್ವ ಕೊಟ್ಲು ಅನ್ನು" ಎಂದಿದ್ದಳು. ಹೊಳೆ ದಡದ ಊಟಕ್ಕೆ ಹೋದದ್ದು ಅದೇ. ಅಂಥದೊಂದು ದುಡ್ಡಿತ್ತೆಂದು ನಿನಗೆ ಗೊತ್ತಿಲ್ಲ. ನಾನು ಹೇಳದೆಯೂ ಇರಬಹುದಿತ್ತು. ನಲವತ್ತಾರು ಸಾವಿರದ ಮುನ್ನೂರ ಐವತ್ತು ರೂಪಾಯಿ.