ಉಮೆಸಲ್ಮಾಳ ಪಾಳಿ ಯಾವಾಗ?

ಮಾನ್ಯ ಮದರಸಾ ಕಮಿಟಿಯ ಅಧ್ಯಕ್ಷರೇ,

ಸಲಾಮು ಹೇಳಿ ನೇರ ವಿಷಯಕ್ಕೆ ಬರುತ್ತೇನೆ. ಸುರಪುರದ ನಿಮ್ಮ ಹೆಣ್ಣುಮಕ್ಕಳ ವಸತಿ ಮದರಸಾದಲ್ಲಿ ಮೂರು ವರ್ಷ ಓದಿದ ನನ್ನ ಹದಿನಾಲ್ಕರ ಮಗಳು ಉಮೆಸಲ್ಮಾಳಿಗೆ ಮುಂದಿನ ತರಗತಿಗೆ ಪ್ರವೇಶವಿಲ್ಲವೆಂದು ಪತ್ರ ಕಳಿಸಿದ್ದೀರಿ. ನೀವು ಕೊಟ್ಟ ಕಾರಣ ಎರಡು: ಅವಳಿಗೆ ಕಣ್ಣು ಕಾಣುವುದಿಲ್ಲ; 'ತನ್ನ ಕೆಲಸ ತಾನು ಮಾಡಿಕೊಳ್ಳುವ ಅಭ್ಯಾಸವಿಲ್ಲ'. ಮೊದಲನೆಯದು ನಿಮಗೆ ಈಗ ಗೊತ್ತಾಯಿತೇ? ಎರಡನೆಯದನ್ನು ಕಲಿಯಗೊಡದವರು ಯಾರು?

ಕಸ ಗುಡಿಸಲು, ನಮಾಜಿಗೆ ಮೊದಲು ಕೈಕಾಲು ತೊಳೆಯುವ ವಜೂವಿಗೆ ನೀರು ತುಂಬಲು, ಊಟ ಬಡಿಸಲು ನಿಮ್ಮ ಹುಡುಗಿಯರಿಗೆ ಪಾಳಿ ಉಂಟು. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಆ ಪಟ್ಟಿಯಲ್ಲಿ ಎಲ್ಲರ ಹೆಸರಿದೆ, ನನ್ನ ಮಗಳದಿಲ್ಲ. ಅವಳ ತಟ್ಟೆಯನ್ನೂ ಬಟ್ಟೆಯನ್ನೂ ಬೇರೆಯವರೇ ತೊಳೆದರು. ಮೂರು ವರ್ಷ ಕೂರಿಸಿಟ್ಟು ಈಗ ನಡೆಯಲು ಬರುವುದಿಲ್ಲ ಎನ್ನುವುದು ಯಾವ ಊರಿನ ನ್ಯಾಯ ಸಾಹೇಬರೇ? ಮದರಸಾದ ವಾರ್ಷಿಕ ಸಮಾರಂಭ ಜಲ್ಸಾದಲ್ಲಿ ಮಾತ್ರ ಅವಳೇ ಮುಂದೆ! ಅವಳು ಬಾಯಿಪಾಠದಿಂದ ಕುರಾನ್ ಓದುವಾಗ ದಾನಿಗಳ ಮನೆಯ ಹೆಂಗಸರು ಕಣ್ಣೊರೆಸಿಕೊಂಡಿದ್ದನ್ನು ನಾನೂ ನೋಡಿದ್ದೇನೆ. ಮೈಕಿನ ಮುಂದೆ ನಿಲ್ಲಬಲ್ಲವಳು ಸಾರಿನ ಪಾತ್ರೆಯ ಮುಂದೆ ನಿಲ್ಲಲಾರಳೇ?

ಶಹಾಪುರದಲ್ಲಿ ನಾನು ಖಾನಾವಳಿಗೆ ರೊಟ್ಟಿ ಬಡಿದುಕೊಡುವವಳು. ರಜೆಗೆ ಬಂದರೆ ಉಮೆಸಲ್ಮಾ ವಾಸನೆ ಹಿಡಿದೇ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾಳೆ. ಬೆರಳು ಸುಟ್ಟುಕೊಂಡಿದ್ದಾಳೆ, ನಿಜ. ಎರಡು ಕಣ್ಣಿರುವ ನಾನೂ ಸುಟ್ಟುಕೊಂಡಿದ್ದೇನೆ. ಕಳೆದ ರಂಜಾನಿನಲ್ಲಿ ಹೀಗೇ ರೊಟ್ಟಿ ಬೇಯಿಸುತ್ತ ಹೇಳಿದಳು: "ಅಮ್ಮಿ, ಅಲ್ಲಿ ಯಾರೂ ನನ್ನ ಕೂಡ ಜಗಳಾನೇ ಆಡಂಗಿಲ್ಲ. ಪಾಳಿ ತಪ್ಪಿಸಿದ್ರ ನಮ್ಮ ಕ್ಲಾಸಿನ ಫಿರ್ದೌಸ್‌ಗ ಎಲ್ಲಾರೂ ಬೈತಾರ. ನನಗ ಬೈಯಾಕ ನಂದು ಪಾಳಿನೇ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಯಾಕೆಂದರೆ ತಪ್ಪು ನಿಮ್ಮದಷ್ಟೇ ಅಲ್ಲ. ಸೇರಿಸುವ ದಿನ ವಾರ್ಡನ್ ಮುನ್ನಿಬೀ ಅವರಿಗೆ, "ಕಣ್ಣಿಲ್ಲದ ಕೂಸರಿ, ಏನೂ ಕೆಲಸ ಹಚ್ಚಬ್ಯಾಡ್ರಿ" ಎಂದು ಗೋಗರೆದವಳು ನಾನೇ. "ಕಲೀಲಿ ಬಿಡ್ರಿ, ಕೈ ಗಟ್ಟಿ ಅದಾವ" ಎಂದರು ಆಕೆ. ನಾನು ಕೇಳಲಿಲ್ಲ. ಆ ಮಾತನ್ನು ಇಂದು ಈ ಬಹಿರಂಗ ಪತ್ರದಲ್ಲಿ ಊರ ಮುಂದೆ ಹಿಂತೆಗೆದುಕೊಂಡಿದ್ದೇನೆ. ನೀವು ನಿಮ್ಮ ಪತ್ರವನ್ನು ಹಿಂತೆಗೆದುಕೊಳ್ಳಿ.

ಬರುವ ಶನಿವಾರ ಮಗಳನ್ನು ಗೇಟಿನವರೆಗೆ ತಂದು ಬಿಡುತ್ತೇನೆ. ಒಳಗೆ ಅವಳು ಒಬ್ಬಳೇ ಬರುತ್ತಾಳೆ. ಅಂದಿನ ಬಡಿಸುವ ಪಾಳಿಯಲ್ಲಿ ಅವಳ ಹೆಸರಿರಬೇಕು. ಸಾರು ಚೆಲ್ಲಿದರೆ ಬೈಯಿರಿ, ಅವಳಿಂದಲೇ ಒರೆಸಿಸಿರಿ. ಮನೆಗೆ ಮಾತ್ರ ಕಳಿಸಬೇಡಿ.

ಇಂತಿ,
ಮರುಕದಿಂದಲೇ ಮಗಳಿಗೆ ಅಡ್ಡಬಂದ ತಾಯಿ,
ಸರ್ವರಬೇಗಂ, ಶಹಾಪುರ