ಲೀಲಾಳ ಬಳುವಳಿ

ಮಸ್ಕಿ, ಫಸಲಿ ೧೩೫೪

ಮುದಗಲ್ಲಿನ ಅಣ್ಣನಿಗೆ ತಂಗಿ ಮಹಾಂತಮ್ಮನ ಶರಣು.

ನಿನ್ನ ಮಗಳು ಲೀಲಾಳ ಮದುವೆ ಗೊತ್ತಾದದ್ದು ತಿಳಿದು ಸಂತೋಷವಾಯಿತು. ಸೋದರತ್ತೆಯಾಗಿ ನಾನು ಬಳುವಳಿಗೆ ಎರಡು ಆಕಳು, ತಾಮ್ರದ ಹಂಡೆ, ಜೊತೆಗೆ ನಮ್ಮ ಮನೆಗೆಲಸದ ಜೋಗಮ್ಮನ ಮಗಳು ಯಮನಮ್ಮನನ್ನೂ ಕಳಿಸಬೇಕೆಂದು ಬರೆದಿದ್ದೀ. ಜೋಗಮ್ಮ ನನ್ನ ಮದುವೆಯಲ್ಲಿ ಹೀಗೆಯೇ ಬಳುವಳಿಯಾಗಿ ಬಂದವಳಲ್ಲವೇ ಎಂದೂ ಕೇಳಿದ್ದೀ. ಹೌದು. ಆದರೆ ಅವಳ ಮಗಳನ್ನು ಕೊಡಲು ನಾನು ಯಾರು ಎಂದು ಯೋಚಿಸುತ್ತ ಕುಳಿತೆ. ಮಗಳನ್ನು ಕಳಿಸಲೇ ಎಂದು ಜೋಗಮ್ಮನನ್ನೇ ಕೇಳಿದೆ.

"ನನ್ನ ಯಾರೂ ಕೇಳಿದ್ದಿಲ್ರೀ ಅವ್ವಾರ," ಎಂದಳು. "ಅಕೀನ್ನಾರ ಕೇಳ್ರಿ."

ಕೇಳಿದಾಗ ಯಮನಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಹಂಡೇನ ಮದ್ಲ ಕೇಳಿದ್ರೇನ್ರೀ?" ಎಂದು ನಕ್ಕಳು. ಆಮೇಲೆ ರೊಟ್ಟಿ ತಿರುವಿ ಹಾಕಿ, "ಕಳಿಸಿದ್ರ ನಾ ಹೋಗಂಗಿಲ್ರೀ. ಕರದ್ರ ಬರ್ತೀನಿ" ಎಂದಳು.

ಇಷ್ಟು ನೇರವಾಗಿ ಇಲ್ಲವೆಂದವರನ್ನು ಈ ಮನೆಯಲ್ಲಿ ನಾನು ಕಂಡಿಲ್ಲ, ಅಣ್ಣ. ನನ್ನ ಮದುವೆಯ ಮಾತು ನಡೆದಾಗ ನನಗೂ ಆ ಧೈರ್ಯ ಇರಲಿಲ್ಲ.

ಆಕಳು, ಹಂಡೆ ಸೋಮವಾರ ಬರುತ್ತವೆ. ನನಗೆ ಮದುವೆಗೆ ಕರೆಯುವ ಅಕ್ಷತೆ ಕಳಿಸುವಾಗ ಯಮನಮ್ಮನ ಹೆಸರಿಗೂ ಬೇರೆಯಾಗಿ ಕಳಿಸು. ಮದುವೆ ಮುಗಿದ ಮೇಲೆ ಅವಳು ನನ್ನ ಬಂಡಿಯಲ್ಲೇ ಮರಳುತ್ತಾಳೆ.

ನಿನ್ನ ತಂಗಿ
ಮಹಾಂತಮ್ಮ